ಬಾರಾಮಹಲಿನ ಚಿತ್ರಗಳಲ್ಲಿ ಕಾಣದ ನೀರು

1792ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಬಾರಾಮಹಲ್ (ಇಂದಿನ ಧರ್ಮಪುರಿ, ಕೃಷ್ಣಗಿರಿಯ ಭಾಗ) ಮತ್ತು ಸೇಲಂ ಸೀಮೆ ಟಿಪ್ಪುವಿನ ಕೈತಪ್ಪಿದವು. ಮರುತಿಂಗಳೇ ಇಂಗ್ಲಿಷ್ ಚಿತ್ರಕಾರ ತಾಮಸ್ ಡೇನಿಯಲ್ ಮತ್ತು ಅವರ ಸೋದರನ ಮಗ ವಿಲಿಯಂ ಮದರಾಸಿನಿಂದ ಇತ್ತ ಹೊರಟರು. ಆ ಪ್ರವಾಸದ ಚಿತ್ರಗಳು ಮುಂದೆ 144 ಫಲಕಗಳ ‘ಓರಿಯೆಂಟಲ್ ಸೀನರಿ’ಯಲ್ಲಿ (1795–1808) ಸೇರಿದವು. ರಾಯಕೋಟೆ, ವೀರಭದ್ರದುರ್ಗ, ಜಗದೇವದುರ್ಗ: ಬೆಟ್ಟಗಳ ಮೈಕಟ್ಟನ್ನು ಅವರಷ್ಟು ನಿಷ್ಠೆಯಿಂದ ಹಿಡಿದವರು ವಿರಳ. ನೀರಿನ ಮಾತು ಬೇರೆ.

ಅವರು ಕಲಿತುಬಂದ ‘ಪಿಕ್ಚರೆಸ್ಕ್’ ಪಂಥ ಫ್ರಾನ್ಸಿನ ಕ್ಲಾಡ್ ಲೊರೇನ್‌ರನ್ನು ಗುರುವೆಂದು ಭಾವಿಸಿತ್ತು. ಅಲ್ಲಿ ನೀರೆಂದರೆ ಆಕಾಶಕ್ಕೂ ಕಟ್ಟಡಕ್ಕೂ ಹಿಡಿದ ಕನ್ನಡಿ. ಅಕ್ವಾಟಿಂಟ್ ವಿಧಾನವೂ ಇದಕ್ಕೆ ಒತ್ತಾಸೆಯಾಯಿತು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಹರಡಿ, ಆಮ್ಲದಿಂದ ಹಂತಹಂತವಾಗಿ ಕೊರೆದಾಗ ಛಾಯೆಗಳು ಪದರಪದರವಾಗಿ ಮೂಡುತ್ತವೆ. ನಿಂತ ನೀರಿಗೆ ಅದು ಹೇಳಿಮಾಡಿಸಿದ್ದು, ಒಡೆದು ಹರಿಯುವ ನೀರಿಗೆ ಅಲ್ಲ. ಈ ಸಂಗ್ರಹದಲ್ಲಿ ತಿರುನೆಲ್ವೇಲಿಯ ಪಾಪನಾಶಂ ಜಲಪಾತವಿದೆ, ಧರ್ಮಪುರಿಯ ಹೊಗೆನಕಲ್ ಇಲ್ಲ. ಕಾವೇರಿ ಬಂಡೆಗಳ ನಡುವೆ ಸೀಳಿ ತುಂತುರೇಳುವ ಆ ಜಾಗದಲ್ಲಿ ಪ್ರತಿಬಿಂಬಕ್ಕೆ ಎಡೆಯೇ ಇಲ್ಲವೆನ್ನುವಂತಿಲ್ಲ. ಹರಿಗೋಲು ಸಾಗುವ ಕಿರುಕಣಿವೆಗಳಲ್ಲಿ ಬಂಡೆಯ ಬಣ್ಣ ಚೂರುಚೂರಾಗಿ ನೀರಿಗಿಳಿದು, ಮರುಗಳಿಗೆಗೆ ಕದಡುತ್ತದೆ.

ಇನ್ನು ಕೆರೆಗಳು. ಇದೇ ವರ್ಷಗಳಲ್ಲಿ ಕಂಪನಿಯ ಅಧಿಕಾರಿಗಳಾದ ಅಲೆಕ್ಸಾಂಡರ್ ರೀಡ್, ತಾಮಸ್ ಮನ್ರೋ ಕಂದಾಯಕ್ಕಾಗಿ ಈ ಸೀಮೆಯ ಹೊಲಗದ್ದೆಗಳನ್ನು ಅಳೆಸುತ್ತಿದ್ದರು. ಅಂಥ ಅಧಿಕಾರಿಗೆ ಕೆರೆಯ ನೀರು ಆದಾಯದ ಲೆಕ್ಕ. ಚಿತ್ರಕಾರನಿಗೆ ಅದು ಲೆಕ್ಕಕ್ಕೇ ಬರಲಿಲ್ಲ, ಏಕೆಂದರೆ ಆಗಷ್ಟೇ ಗೆದ್ದ ಕೋಟೆಯನ್ನು ನೋಡಲು ಇಂಗ್ಲೆಂಡಿನ ಓದುಗ ಕಾದಿದ್ದ. ಡೇನಿಯಲರು ಬಂದದ್ದೂ ಬೇಸಿಗೆಯಲ್ಲಿ, ಕೆರೆಯಂಗಳ ಬಿರಿಯುವ ಕಾಲಕ್ಕೆ. ಆದರೂ ಈ ಉಪೇಕ್ಷೆಯನ್ನು ಋತುವಿನ ತಲೆಗೆ ಕಟ್ಟಲಾರೆ. ಏರಿ, ತೂಬು, ಕೋಡಿ ಇಲ್ಲದೆ ಇಲ್ಲಿ ಊರೇ ಇಲ್ಲ, ಅವನ್ನು ಬಿಟ್ಟ ಚಿತ್ರ ಅರ್ಧ ಚಿತ್ರ.

ಕೆಮ್ಮಣ್ಣಿನ ಕೆರೆನೀರು ಕಲಾವಿದನ ಪಾಲಿಗೆ ಎಂಥ ಸಂಪತ್ತು! ತಿಳಿನೀರಿನಲ್ಲಿ ಪ್ರತಿಬಿಂಬವಷ್ಟೇ, ಮರದ ನೆರಳು ಮೇಲ್ಮೈಯಲ್ಲಿ ನಿಲ್ಲುವುದಿಲ್ಲ. ಕದಡಿದ ನೀರಿನಲ್ಲಿ ಎರಡೂ ಕೂಡುತ್ತವೆ. 1843ರ ‘ಮಾಡರ್ನ್ ಪೇಂಟರ್ಸ್’ನಲ್ಲಿ ಇಂಗ್ಲಿಷ್ ಕಲಾವಿಮರ್ಶಕ ರಸ್ಕಿನ್ ಈ ಭೇದವನ್ನು ಚರ್ಚಿಸಿದ್ದಾರೆ. ಏರಿಯ ಮೇಲೆ ನಿಂತು ಕಾಲಬುಡದ ನೀರನ್ನು ನೋಡಿದರೆ ಮಣ್ಣಿನ ಬಣ್ಣ, ಆಚೆ ದಡದತ್ತ ಕಣ್ಣು ಹಾಯಿಸಿದರೆ ಆಕಾಶ. ಬೆಟ್ಟದ ಬಿಂಬವೂ ಬೆಟ್ಟವನ್ನು ತಲೆಕೆಳಗು ಮಾಡಿಟ್ಟ ನಕಲಲ್ಲ: ನೀರಿನೊಳಗಿನಿಂದ ಮೇಲೆ ನೋಡಿದಂತೆ, ನಮಗೆ ಕಾಣದ ಚಾಚುಗಲ್ಲಿನ ತಳಭಾಗ ಅಲ್ಲಿ ತೋರುತ್ತದೆ.

ಕನ್ನಡದ ಕಲಾವಿದರಲ್ಲಿ ಕೆ. ವೆಂಕಟಪ್ಪ (1886–1965) ಊಟಿಯ ಜಲವರ್ಣಗಳಲ್ಲಿ ಗಾಳಿಯ ತೇವವನ್ನೇ ಬರೆದರು. ಅದು ದೊಡ್ಡ ಸಾಧನೆ, ಆದರೆ ತಂಪು ನಾಡಿನದು. ಸೇಲಂ ಸೀಮೆಯ ಮೆಟ್ಟೂರಿನ ಜಲಾಶಯಕ್ಕೆ ಆ ಹದ ಒಗ್ಗದು. 1934ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆಯ ನೀರು ಇಳಿದಾಗ ಪಣ್ಣವಾಡಿಯ ಬಳಿ ಮುಳುಗಿದ್ದ ನಂದಿ ತಲೆಯೆತ್ತುತ್ತದೆ, ದಡದುದ್ದಕ್ಕೂ ನೀರು ನಿಂತ ಗೆರೆಗಳು ತೋರುತ್ತವೆ. ಆ ಉರಿಬಿಸಿಲಿನ ಹೊಳಪಿಗೆ ರುಮಾಲೆ ಚನ್ನಬಸವಯ್ಯನವರ (1910–1988) ದಪ್ಪ ಕುಂಚದ ಬೀಸು ಹೆಚ್ಚು ಹತ್ತಿರ. ಸೇಲಂ, ಧರ್ಮಪುರಿಯ ನೀರನ್ನು ಬರೆಯಹೊರಡುವ ತರುಣರು ಡೇನಿಯಲರ ಫಲಕಗಳಿಗಿಂತ ಮೊದಲು ರುಮಾಲೆಯವರ ಕ್ಯಾನ್ವಾಸುಗಳ ಮುಂದೆ ನಿಲ್ಲಲಿ.