ಕಾಲೂರಿದ ಲೆಕ್ಕ

ಟ್ರಯಲ್ಸ್ ಅನ್ನೋ ಬೈಕ್ ಸ್ಪರ್ಧೆಯಲ್ಲಿ ಮೊದಲು ಗುರಿ ಮುಟ್ಟಿದವನು ಗೆಲ್ಲೋದಿಲ್ಲ, ಕಾಲು ಕಡಿಮೆ ಊರಿದವನು ಗೆಲ್ತಾನೆ. ಬಂಡೆ, ತೊರೆ, ಮರದ ಬೇರು, ಕೆಸರು ಇರುವ ಒಂದು ಚಿಕ್ಕ ಜಾಗಕ್ಕೆ ಎರಡೂ ಬದಿ ಗುರುತು ಹಾಕಿ ಅದನ್ನು ಸೆಕ್ಷನ್ ಅಂತಾರೆ. ಕಾಲು ನೆಲಕ್ಕೆ ತಾಗಿಸದೆ ಅದನ್ನು ದಾಟಿದರೆ ಸೊನ್ನೆ. ಒಂದು ಸಲ ಊರಿದರೆ 1, ಎರಡು ಸಲಕ್ಕೆ 2, ಆಮೇಲೆ ಎಷ್ಟು ಸಲ ಊರಿದರೂ 3. ಬಿದ್ದರೆ, ಗುರುತಿನಾಚೆ ಹೋದರೆ, ದಾಟೋಕೇ ಆಗದಿದ್ದರೆ 5. ಇವೆಲ್ಲ ದಂಡದ ಅಂಕಗಳು, ಇಲ್ಲಿ ಸೊನ್ನೆಯೇ ನೂರಕ್ಕೆ ನೂರು. ಪ್ರತಿ ಸೆಕ್ಷನ್ನಿನ ಪಕ್ಕ ಅಬ್ಸರ್ವರ್ ಒಬ್ಬರು ನಿಂತಿರ್ತಾರೆ. ಅವರು ನಿಮ್ಮ ಮುಖ ನೋಡೋದಿಲ್ಲ, ಪಾದ ನೋಡ್ತಾರೆ.

ಈ ಅಬ್ಸರ್ವರ್ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಆಟದಿಂದಲ್ಲ, ಓದಿನಿಂದ. ಎರಡು ವರ್ಷದಿಂದ ನಾನು ಒಂದು ವಿಚಿತ್ರ ಜಾತಿಯ ಬರಹಗಳನ್ನ ಹುಡುಕಿ ಹುಡುಕಿ ಓದ್ತಾ ಇದ್ದೇನೆ: ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಅನ್ನು ಮೊದಲ ಸಲ ಓಡಿಸಿದವರ ನೆನಪುಗಳು. ಬರೆದವರಲ್ಲಿ ಹೆಚ್ಚಿನವರು ಬರಹಗಾರರಲ್ಲ. ಪ್ಲಂಬರು, ರೈತ, ಶಾಲೆ ಮೇಷ್ಟ್ರು, ಗ್ಯಾರೇಜಿನವನು, ಇಂಥವರು. ಆದರೂ ಬೈಕಿನ ಬಗ್ಗೆ ನಾನು ಓದಿದ ಬಹಳಷ್ಟು 'ಸಾಹಿತ್ಯ'ಕ್ಕಿಂತ ಇವು ಎಷ್ಟೋ ಚೆನ್ನಾಗಿವೆ. ಯಾಕೆ ಅಂತ ಹೇಳೋದಕ್ಕೇ ಈ ಲೇಖನ.

ಮೊದಲು ಸ್ಪರ್ಧೆಯ ಬಗ್ಗೆ ಒಂದಿಷ್ಟು. 1909ರಲ್ಲಿ ಐದು ದಿನದ ಆಟವಾಗಿ ಶುರುವಾಗಿ 1911ರಲ್ಲಿ ಆರು ದಿನಕ್ಕೆ ಬೆಳೀತು. ಮಹಾಯುದ್ಧಗಳಲ್ಲಿ ನಿಂತಿತ್ತು, 2001ರಲ್ಲಿ ದನಗಳ ಕಾಲುಬಾಯಿ ಜ್ವರದಿಂದ ನಿಂತಿತ್ತು, ಆಮೇಲೆ ಕೋವಿಡ್‌ಗೆ ನಿಂತಿತ್ತು. ಈಗ ಮೇ ತಿಂಗಳ ಶುರುವಿನಲ್ಲಿ ಫೋರ್ಟ್ ವಿಲಿಯಂ ಅನ್ನೋ ಊರಿನಿಂದ ಹೊರಡತ್ತೆ. ದಿನಕ್ಕೆ ಸುಮಾರು 30 ಸೆಕ್ಷನ್. ಒಂದು ಸೆಕ್ಷನ್ನಿಂದ ಇನ್ನೊಂದಕ್ಕೆ ಟಾರು ರಸ್ತೆ, ಕಲ್ಲು ಹಾದಿ, ಹುದುಲು, ಗುಡ್ಡ. ಓಡಾಟ ಎಷ್ಟೋ ದಿನ ನೂರು ಕಿಲೋಮೀಟರು ಮೀರತ್ತೆ. ಟ್ರಯಲ್ಸ್ ಬೈಕಿಗೆ ಸೀಟು ಅನ್ನುವಂಥದ್ದು ಇರೋದಿಲ್ಲ ಅನ್ನೋದನ್ನ ಇಲ್ಲಿ ನೆನಪಿಡಬೇಕು. ಎಪ್ಪತ್ತು ಕಿಲೋ ಆಸುಪಾಸಿನ ಗಾಡಿ, ಎರಡು ಚಿಲ್ಲರೆ ಲೀಟರಿನ ಟ್ಯಾಂಕು, ಅರೆಬರೆ ಗಾಳಿಯ ಟೈರು. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಓಡಿಸಬೇಕು. ಮೇಲಾಗಿ ಸಮಯದ ಕಟ್ಟು ಬೇರೆ. ಸಂಜೆ ಬೈಕನ್ನು ಬೇಲಿಯೊಳಗೆ ಒಪ್ಪಿಸಿ ಬಂದರೆ ಬೆಳಿಗ್ಗೆವರೆಗೆ ಮುಟ್ಟೋ ಹಾಗಿಲ್ಲ, ಒಂದು ನಟ್ಟು ಬಿಗಿ ಮಾಡೋ ಹಾಗೂ ಇಲ್ಲ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದರೆ ದಿನಾ ರಾತ್ರಿ ಕೋಡ್ ಫ್ರೀಝ್.

ಇನ್ನೊಂದು ವಿಷಯ. ವಿಶ್ವ ಚಾಂಪಿಯನ್ನಿಗೂ ಭಾನುವಾರದ ಕ್ಲಬ್ ಹುಡುಗನಿಗೂ ಬೇರೆ ಬೇರೆ ದಾರಿ ಇಲ್ಲ. ಡಗಿ ಲ್ಯಾಂಪ್ಕಿನ್, ಹತ್ತಕ್ಕೂ ಹೆಚ್ಚು ಸಲ ಇದನ್ನು ಗೆದ್ದಾತ, ಹತ್ತಿದ ಬಂಡೆಯನ್ನೇ ಪ್ಲಂಬರೂ ಹತ್ತಬೇಕು. ಗೆದ್ದವರು ಇಡೀ ವಾರಕ್ಕೆ ಕಳೆದುಕೊಳ್ಳೋದು ಕೆಲವು ಹತ್ತು ಅಂಕ. ಹೊಸಬರದ್ದು ನೂರುಗಳ ಲೆಕ್ಕ.

ನಾನು ಇದನ್ನು ಕಣ್ಣಾರೆ ನೋಡಿದ್ದು ಎಡಿನ್‌ಬರೋದಲ್ಲಿ ಆನ್‌ಸೈಟ್ ಇದ್ದಾಗ. ಕಿನ್‌ಲಾಕ್‌ಲೆವೆನ್ ಅಂತ ಒಂದು ಸಣ್ಣ ಊರು. ಒಂದು ಕಾಲಕ್ಕೆ ಅಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಇತ್ತು. ಅದಕ್ಕೆ ಕರೆಂಟು ಕೊಡೋಕೆ ಮೇಲಿನ ಅಣೆಕಟ್ಟೆಯಿಂದ ಗುಡ್ಡದ ಇಳಿಜಾರಿನಲ್ಲಿ ದಪ್ಪ ಕೊಳವೆಗಳನ್ನ ಇಳಿಸಿದ್ದಾರೆ. ಶಿವನಸಮುದ್ರ ನೋಡಿದ ಮಂಡ್ಯದ ಕಡೆಯವನಿಗೆ ಆ ಕೊಳವೆ ಕಂಡರೆ ನೆಂಟರು ಸಿಕ್ಕ ಹಾಗೆ! ಆ ಕೊಳವೆ ಪಕ್ಕದ ಕಡಿದಾದ ಕಲ್ಲುರಾಶಿಯೇ 'ಪೈಪ್‌ಲೈನ್' ಅನ್ನೋ ಹೆಸರುವಾಸಿ ಸೆಕ್ಷನ್. ಜನ ಗುಡ್ಡದ ಮೇಲೆ ಕೂತು ಚಹಾ ಕುಡೀತಾ ನೋಡ್ತಿದ್ರು. ಯಾರೂ ಕಿರುಚೋದಿಲ್ಲ. ಬೈಕು ಕಲ್ಲಿನ ಮೇಲೆ ಒದ್ದಾಡೋವಾಗ ಎಲ್ಲರೂ ಉಸಿರು ಹಿಡೀತಾರೆ, ಕಾಲು ನೆಲಕ್ಕೆ ತಾಗಿದ ತಕ್ಷಣ ಒಟ್ಟಿಗೆ ಬಿಡ್ತಾರೆ. ಅಷ್ಟೇ.

ಈಗ ಆ ಬರಹಗಳು. ಅವುಗಳಲ್ಲಿ ಮೊದಲು ಕಣ್ಣಿಗೆ ಬೀಳೋದು ವಿಶೇಷಣಗಳ ಬಡತನ. 'ಅದ್ಭುತ', 'ರೋಮಾಂಚಕ' ಇಂಥವು ಹೆಚ್ಚುಕಡಿಮೆ ಇಲ್ಲ. ಅದರ ಬದಲು ಸೋಮವಾರ ಎಷ್ಟು ಕಳೆದುಕೊಂಡೆ, ಮಂಗಳವಾರ ಎಷ್ಟು, ಯಾವ ಕಲ್ಲಿನ ಹತ್ತಿರ ಎಡಗಾಲು ಊರಿದೆ, ಅದನ್ನು ಯಾಕೆ ಊರಿದೆ. ಸೆಕ್ಷನ್ನಿಗೆ ಮುಂಚೆ ಬೈಕು ಇಳಿದು ನಡೆದು ನೋಡೋದು ಇಲ್ಲಿನ ಪದ್ಧತಿ. ಹೊಸಬರು ನಡೆದು ನೋಡಿದ್ದನ್ನೂ ಬರೀತಾರೆ, ನೋಡಿದ ದಾರಿ ಒಂದಾಗಿ ಹೋದ ದಾರಿ ಇನ್ನೊಂದಾಗಿದ್ದನ್ನೂ ಬರೀತಾರೆ. ಸ್ಪೆಸಿಫಿಕೇಶನ್ನಿಗೂ ಪ್ರೊಡಕ್ಷನ್ನಿಗೂ ನಡುವಿನ ಆ ಅಂತರ ಗೊತ್ತಿರೋರಿಗೆ ಓದುವಾಗ ಹೊಟ್ಟೆಯಲ್ಲೊಂದು ಸಣ್ಣ ಸಂಕಟ ಆಗತ್ತೆ.

ಎರಡನೆಯದು, ಮೈ. ಬುಧವಾರ ಬಂತು ಅಂದರೆ ಎಲ್ಲ ಬರಹಗಳೂ ಕೈಗೆ ಬರ್ತವೆ. ಕ್ಲಚ್ಚು, ಬ್ರೇಕು ಎರಡನ್ನೂ ಒಂದೊಂದೇ ಬೆರಳಲ್ಲಿ ಹಿಡಿಯೋ ಆಟ ಇದು. ಮೂರು ದಿನದಲ್ಲಿ ತೊಂಬತ್ತು ಸೆಕ್ಷನ್ ಆದಮೇಲೆ ಮುಂಗೈ ಕಟ್ಟಿಗೆ ಆಗಿರತ್ತೆ, ಬೆರಳು ಮಡಚಿದ್ದು ಬಿಚ್ಚೋದಿಲ್ಲ, ರಾತ್ರಿ ಊಟಕ್ಕೆ ಚಮಚ ಹಿಡಿಯೋಕಾಗಲ್ಲ. ವಾರದ ನಡುವಿನ ಈ ಪುಟಗಳೇ ನನ್ನ ಪ್ರಕಾರ ಅತ್ಯುತ್ತಮ. ಸೋಮವಾರದ ಹುರುಪು ಮುಗಿದಿದೆ, ಶನಿವಾರ ಇನ್ನೂ ಕಾಣ್ತಾ ಇಲ್ಲ. ಹುದುಲಿನಲ್ಲಿ ಬೈಕು ಆಕ್ಸಲ್‌ವರೆಗೂ ಹೂತಿದೆ. ಹಿಂದಿನಿಂದ ಬಂದ ಯಾರೋ ಅಪರಿಚಿತ ತನ್ನ ಬೈಕು ಬದಿಗಿಟ್ಟು, ತನ್ನ ಸಮಯ ಕಳೆದುಕೊಂಡು, ಹಿಡಿದೆಳೆದು ಹೊರಗೆ ಹಾಕ್ತಾನೆ. ಹೆಸರೂ ಹೇಳದೆ ಹೋಗ್ತಾನೆ. ಇದನ್ನು ಬರೆಯೋನು 'ಮಾನವೀಯತೆ' ಅನ್ನೋ ಪದ ಎತ್ತೋದಿಲ್ಲ. ಆತ ಯಾವ ಬಣ್ಣದ ಜಾಕೆಟ್ ಹಾಕಿದ್ದ ಅಂತ ಬರೀತಾನೆ.

ಚಾಂಪಿಯನ್ನುಗಳ ಮಾತಿನಲ್ಲಿ ಇದು ಸಿಗೋದಿಲ್ಲ, ಅದು ಅವರ ತಪ್ಪೂ ಅಲ್ಲ. ಸೊನ್ನೆಯಲ್ಲಿ ದಾಟಿದ ಸೆಕ್ಷನ್ ಬಗ್ಗೆ ಹೇಳೋಕೆ ಏನಿರತ್ತೆ? ಕತೆ ಇರೋದು ಕಾಲೂರಿದಲ್ಲಿ.

ನನಗೆ ಇದೆಲ್ಲ ಇಷ್ಟು ಹತ್ತಿರ ಅನ್ನಿಸೋಕೆ ಇನ್ನೊಂದು ಕಾರಣ ಇದೆ. ನಮ್ಮೂರಲ್ಲಿ ತೋಟದ ಮನೆಗಳಿಂದ ಡೈರಿಗೆ ಹಾಲು ತರೋ ಒಬ್ಬರಿದ್ದಾರೆ, ನಾನು ಮಾವ ಅಂತ ಕರೆಯೋದು. ಟಿವಿಎಸ್ ಎಕ್ಸೆಲ್ ಗಾಡಿ, ಎರಡು ಕಡೆ ದೊಡ್ಡ ಕ್ಯಾನು. ಮಳೆಗಾಲದಲ್ಲಿ ನಾಲೆ ಏರಿ ಮೇಲೆ, ಆಮೇಲೆ ಗದ್ದೆ ಬದುವಿನ ಮೇಲೆ ಬರಬೇಕು. ಆರೂವರೆಗೆ ಡೈರಿ ಟೆಂಪೋ ಹೊರಟುಬಿಡತ್ತೆ, ತಡವಾದರೆ ಹಾಲು ವಾಪಸ್ಸು ಮನೆಗೆ. ಅವರು ಕಾಲೂರಿದ್ದನ್ನು ನಾನು ನೋಡಿದ್ದು ಕಡಿಮೆ. ಊರಿಗೆ ಹೋದಾಗ ಪೈಪ್‌ಲೈನ್ ಸೆಕ್ಷನ್ನಿನ ವಿಡಿಯೋ ತೋರಿಸಿದೆ. ಎರಡು ನಿಮಿಷ ಸುಮ್ಮನೆ ನೋಡಿದರು. "ಸೀಟೇ ಇಲ್ವಲ್ಲಪ್ಪ, ಕ್ಯಾನೆಲ್ಲಿಗ್ ಕಟ್ತಾರೆ?" ಅಂದರು. ಆಮೇಲೆ, "ಕಾಲೂರಕ್ಕೆ ಅಂತ ಇತ್ತಗೆ ವಾಲ್ದ ನೋಡು, ಅದ್ಕೇ ಬಿದ್ದಿದ್ದು. ಕಾಲ್ ಕೊಟ್ರೆ ಕ್ಯಾನು ಎಳ್ಕಂಡೋಯ್ತದೆ ಕನಪ್ಪ" ಅಂದರು. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಓದಿದ್ದ ತಾಂತ್ರಿಕ ವಿಷಯ ಅದು.

ಇಲ್ಲಿಂದ ನನ್ನ ತಕರಾರು ಶುರು. ನಮ್ಮ ಬೈಕ್ ಬರವಣಿಗೆಯಲ್ಲಿ ಈ ಮಾವ ಯಾಕಿಲ್ಲ? ಕನ್ನಡದಲ್ಲಿ ಬೈಕಿನ ಕತೆ ಶುರುವಾಗೋದೇ ಸಂಬಳ ಬಂದು, ಇಎಂಐ ಹಾಕಿ, ಲಡಾಖಿಗೆ ಹೊರಟ ಮೇಲೆ. ಮನಾಲಿ, ಪಾಂಗಾಂಗ್, ನಡುವೆ ಒಂದು ಪಂಕ್ಚರು, ಒಬ್ಬ ಮುಗ್ಧ ಚಹಾ ಅಂಗಡಿಯವನು, ಕೊನೆಗೆ 'ನನ್ನನ್ನು ನಾನು ಕಂಡುಕೊಂಡೆ'. ಇದನ್ನೆಲ್ಲ ಓದುವಾಗ ಬೈಕು ಓಡಿಸೋದು ಅನ್ನೋ ಕೆಲಸವೇ ಕಾಣೆಯಾಗಿರತ್ತೆ. ಗಾಡಿ ತಾನೇ ಹೋಗ್ತಾ ಇರತ್ತೆ, ಸವಾರ ದೃಶ್ಯ ನೋಡ್ತಾ ಇರ್ತಾನೆ. ಮಣಿಕಟ್ಟಿಲ್ಲ, ಮೊಣಕಾಲಿಲ್ಲ, ಕ್ಲಚ್ಚಿಲ್ಲ.

ಒಂದು ಉದಾಹರಣೆ ಸಾಕು. ಖರ್ದುಂಗ್ ಲಾ ಮೇಲೆ ನಿಂತು ಬೋರ್ಡಿನ ಜೊತೆ ಫೋಟೋ ತೆಗೆಸಿಕೊಂಡು 18,380 ಅಡಿ ಅಂತ ಬರೆದವರು ಎಷ್ಟು ಜನ! ಅಳೆದವರ ಲೆಕ್ಕದಲ್ಲಿ ಅದು 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಎಂಟುನೂರು ಅಡಿ ಸುಮ್ಮನೆ ಹೆಚ್ಚಾಗಿದೆ. ಆ ಬೋರ್ಡಿನ ಪಕ್ಕ ಯಾವ ಅಬ್ಸರ್ವರೂ ಇಲ್ಲ ನೋಡಿ. ಅಲ್ಲಿಗೆ ಹೋಗಿಬಂದವರು ಪಟ್ಟ ಕಷ್ಟ ಸುಳ್ಳು ಅಂತ ನಾನು ಹೇಳ್ತಿಲ್ಲ. ತಮ್ಮ ಕಷ್ಟವನ್ನು ತಾವೇ ಅಳೆದು ತಾವೇ ಅಂಕ ಕೊಟ್ಟುಕೊಳ್ತಾರೆ, ಅಂಕ ಯಾವಾಗಲೂ ಜಾಸ್ತಿ ಬರತ್ತೆ. (ಅಪ್ರೈಸಲ್ ಫಾರ್ಮಿನಲ್ಲಿ ಸೆಲ್ಫ್ ರೇಟಿಂಗ್ ಕಾಲಂ ತುಂಬಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.)

ಕಂಪನಿಗಳಿಗೂ ಇದು ಗೊತ್ತು. 2019ರಲ್ಲಿ ರಾಯಲ್ ಎನ್‌ಫೀಲ್ಡ್ 'ಬುಲೆಟ್ ಟ್ರಯಲ್ಸ್' ಅಂತ ಒಂದು ಗಾಡಿ ತಂತು. ಹೆಸರಿನ ಹಿಂದೆ ನಿಜವಾದ ಕತೆಯೇ ಇದೆ: ಜಾನಿ ಬ್ರಿಟನ್ ಅನ್ನೋ ಇಂಗ್ಲಿಷ್ ಸವಾರ ರಾಯಲ್ ಎನ್‌ಫೀಲ್ಡ್ ಮೇಲೆ 1952ರಲ್ಲೂ 1957ರಲ್ಲೂ ಇದೇ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದಿದ್ದ. ನಮ್ಮ ಗದ್ದೆ ಬಯಲಿನ ಪಟೇಲರೂ ಪೊಲೀಸರೂ ಓಡಿಸಿದ ಬುಲೆಟ್ಟಿನ ಕುಲದ ಗಾಡಿಯೇ ಅಲ್ಲಿ ಬಂಡೆ ಹತ್ತಿತ್ತು ಅನ್ನೋದು ನನಗೆ ಈಗಲೂ ಖುಷಿ ಕೊಡತ್ತೆ. ಆದರೆ ಬೆಂಗಳೂರಿನ ಶೋರೂಮಿಗೆ ಬಂದದ್ದು 190 ಕಿಲೋ ಆಸುಪಾಸಿನ ಬುಲೆಟ್ಟು, ಸೈಲೆನ್ಸರ್ ಮೇಲಕ್ಕೆ, ಚೌಕಟ್ಟಿಗೆ ಬಣ್ಣ, ಹಿಂದೆ ಸಾಮಾನಿನ ಕ್ಯಾರಿಯರು. ಕಾಲೂರಬಾರದು ಅನ್ನೋ ಒಂದೇ ನಿಯಮದ ಆಟದ ಹೆಸರು, ಸಿಗ್ನಲ್ಲಿನಲ್ಲಿ ಎರಡೂ ಕಾಲೂರಿ ನಿಲ್ಲೋ ನಮಗೆ ಸ್ಟೈಲಾಗಿ ಬಂತು. ಬಿಎಸ್ 6 ಬರೋ ಹೊತ್ತಿಗೆ ಗಾಡಿಯೂ ಹೋಯ್ತು. ಟ್ರಯಲ್ ಅಂದರೆ ನಮಗೆ ಇವತ್ತಿಗೂ ಟೈಲರ್ ಅಂಗಡಿಯಲ್ಲಿ ಹಾಕಿ ನೋಡೋದು, ಇಲ್ಲವೇ ಮೂವತ್ತು ದಿನ ಫ್ರೀ.

ಹಾಗಂತ ಸ್ಕಾಟ್ಲೆಂಡಿನ ಹೊಸಬರ ಬರಹಗಳೆಲ್ಲ ಚಿನ್ನ ಅಂತಲ್ಲ. ಅವುಗಳ ದೊಡ್ಡ ದೋಷ ಶನಿವಾರ. ಐದು ದಿನ ಅಷ್ಟು ಕಟುವಾಗಿ ಲೆಕ್ಕ ಇಟ್ಟವನು ಆರನೇ ದಿನ ಬೆನ್ ನೆವಿಸ್ ತಪ್ಪಲಿಗೆ ಬಂದ ಕೂಡಲೇ ಮೆತ್ತಗಾಗ್ತಾನೆ. ಕಣ್ಣೀರು, ಹೆಂಡತಿಯ ಅಪ್ಪುಗೆ, ಕೈಯಲ್ಲಿ ಬಿಯರು. ಆ ಹೆಂಡತಿ ಆರು ದಿನ ಎಲ್ಲಿದ್ದಳು, ಒದ್ದೆ ಬಟ್ಟೆ ಯಾರು ಒಣಗಿಸಿದರು, ಮಕ್ಕಳನ್ನು ಯಾರು ನೋಡಿಕೊಂಡರು? ಒಂದು ವಾಕ್ಯದ ಕೃತಜ್ಞತೆಯಲ್ಲಿ ಮುಗಿದುಹೋಗತ್ತೆ. ಮಳೆಯಲ್ಲಿ ದಿನವಿಡೀ ನಿಂತು ನೂರಾರು ಜನರ ಕಾಲೆಣಿಸಿದ ಅಬ್ಸರ್ವರ್ ಕೂಡ ಅಷ್ಟೇ, ಬರೀ ಒಂದು ರೇನ್‌ಕೋಟು. ಅವರ ಮಾತೇನು, ಅವರ ಬೆನ್ನು ನೋವೇನು, ಯಾರೂ ಕೇಳೋದಿಲ್ಲ.

ಅದಕ್ಕಿಂತ ಮುಖ್ಯ ಕೊರತೆ ಇನ್ನೊಂದಿದೆ. ಇವೆಲ್ಲ ಮುಗಿಸಿದವರ ಬರಹ. ಪ್ರತಿ ವರ್ಷ ಎಷ್ಟೋ ಜನ ನಡುವೆಯೇ ನಿಲ್ತಾರೆ. ಮಣಿಕಟ್ಟು ಮುರಿಯತ್ತೆ, ಗೇರ್‌ಬಾಕ್ಸ್ ಹೋಗತ್ತೆ, ಸಮಯ ಮೀರತ್ತೆ. ಅರ್ಜಿ ಹಾಕೋರು ಜಾಗಕ್ಕಿಂತ ಹೆಚ್ಚಿರೋದರಿಂದ ಚೀಟಿ ಎತ್ತಿ ಸ್ಪರ್ಧೆಗೆ ತೊಗೋತಾರೆ. ಮುಂದಿನ ವರ್ಷ ಮತ್ತೆ ಅವಕಾಶ ಸಿಗತ್ತೆ ಅನ್ನೋ ಖಾತ್ರಿ ಇಲ್ಲ. ಫಲಿತಾಂಶದ ಪಟ್ಟಿಯ ಕೊನೆಯಲ್ಲಿ ಅವರ ಹೆಸರಿನ ಮುಂದೆ ಒಂದು ಪದ ಇರತ್ತೆ, ಅಷ್ಟೇ. ಅವರು ಬರೆಯೋದಿಲ್ಲ.

ಪೈಪ್‌ಲೈನ್ ಹತ್ತಿರ ನನ್ನ ಪಕ್ಕ ಕೂತಿದ್ದಾತ ಅಂಥವನು. ವಯಸ್ಸು ಐವತ್ತರ ಹತ್ತಿರ, ಮೊದಲ ಸಲ ಜಾಗ ಸಿಕ್ಕಿತ್ತಂತೆ, ಹಿಂದಿನ ದಿನ ಸಮಯ ಮೀರಿ ಹೊರಗೆ ಬಿದ್ದಿದ್ದ. ಮನೆಗೆ ಹೋಗಬಹುದಿತ್ತು, ಹೋಗಿರಲಿಲ್ಲ. ಬರುವ ಪ್ರತಿಯೊಬ್ಬನ ಕಾಲನ್ನೂ ಬಾಯಲ್ಲೇ ಎಣಿಸ್ತಿದ್ದ, ಸೊನ್ನೆ, ಒಂದು, ಮೂರು. ನಿಮ್ಮದು ಎಲ್ಲಿ ತಪ್ಪಿತು ಅಂತ ಕೇಳಿದೆ. ಅರ್ಧ ಗಂಟೆ ಹೇಳಿದ, ಯಾವ ಹುದುಲು, ಎಷ್ಟು ನಿಮಿಷ, ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಏನು ಕಂಡಿತು. ಇದನ್ನ ಬರೀರಿ ಅಂದೆ. ನಕ್ಕ. ಮುಗಿಸದೇ ಇದ್ದದ್ದನ್ನ ಯಾರು ಓದ್ತಾರೆ ಅಂತ ಕೇಳಿ, ಫ್ಲಾಸ್ಕಿನಿಂದ ನನಗೂ ಒಂದು ಮುಚ್ಚಳ ಚಹಾ ಬಗ್ಗಿಸಿದ. ಅಷ್ಟರಲ್ಲಿ ಕೆಳಗಿನಿಂದ ಇನ್ನೊಂದು ಬೈಕಿನ ಸದ್ದು ಬಂತು, ಆತ ಮಾತು ನಿಲ್ಲಿಸಿ ಕಲ್ಲಿನ ಕಡೆ ತಿರುಗಿದ.