ತಾಮಾರಳ ಮಾತು ನಿಂತ ಸ್ಥಳ

ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯವನ್ನು ನಾವು ಅಬ್ಷಾಲೋಮನ ದಂಗೆಗೆ ಪೀಠಿಕೆಯೆಂದು ಓದಿ ಮುಂದೆ ಸಾಗುತ್ತೇವೆ. ಒಮ್ಮೆ ತಾಮಾರಳ ಮಾತುಗಳನ್ನಷ್ಟೇ ಹಿಂಬಾಲಿಸಿ ಓದಿರಿ. ಮಲಸಹೋದರ ಅಮ್ನೋನನು ಬಲಾತ್ಕಾರಕ್ಕೆ ಮುಂದಾದಾಗ ಅವಳು ವಿವೇಕದಿಂದ ವಾದಿಸುತ್ತಾಳೆ. ಅವನು ಹೊರದಬ್ಬಿದಾಗಲೂ ಅದು ಅನ್ಯಾಯವೆಂದು ಮುಖಕ್ಕೆ ಹೇಳುತ್ತಾಳೆ. ತಲೆಗೆ ಬೂದಿ ಸುರಿದುಕೊಂಡು ದಾರಿಯುದ್ದಕ್ಕೂ ರೋದಿಸುತ್ತಾಳೆ. ಅವಳ ಬಾಯಿ ಮುಚ್ಚಿಸಿದವನು ಅಮ್ನೋನನಲ್ಲ, ಒಡಹುಟ್ಟಿದ ಅಬ್ಷಾಲೋಮನು. ಸುಮ್ಮನಿರುವಂತೆ ಅವನು ಬುದ್ಧಿ ಹೇಳಿದ ಮೇಲೆ ಗ್ರಂಥದಲ್ಲಿ ಅವಳದು ಒಂದು ಮಾತೂ ಇಲ್ಲ. ದಾವೀದನು ಸಿಟ್ಟಾದನು, ಅಷ್ಟೇ. ಎರಡು ವರ್ಷಗಳ ಬಳಿಕ ಅಬ್ಷಾಲೋಮನು ಅಮ್ನೋನನನ್ನು ಕೊಲ್ಲಿಸಿದನು. ಅವಳಿಗೆ ಬೇಕಾದದ್ದು ಅದೇ ಆಗಿತ್ತೇ ಎಂದು ಯಾರೂ ಕೇಳಲಿಲ್ಲ. ನಿರೂಪಕನೂ ಕೇಳಲಿಲ್ಲವೆಂಬುದು ನನ್ನನ್ನು ಕಾಡುವ ಕೊರತೆ. ಆದರೂ ಅವಳ ಮಾತುಗಳನ್ನು ಅಳಿಯಗೊಡದೆ ಉಳಿಸಿದವನು ಅವನೇ.

ಎಲ್ಲರೂ ಎಲ್ಲರನ್ನೂ ಬಲ್ಲ ನಮ್ಮ ಕಾರ್ಗಲ್‌ನಂಥ ಊರಿನಲ್ಲಿ ಅಬ್ಷಾಲೋಮನ ಬುದ್ಧಿವಾದ ಹೊಸದಲ್ಲ. ಮದುವೆಯಾಗಿ ಮಕ್ಕಳಾದ ಮೇಲೂ ಹಳೆಯ ಆಘಾತವು ನಿದ್ರಾಹೀನತೆಯಾಗಿ, ಭಯವಾಗಿ, ತನ್ನದೇ ತಪ್ಪೆಂಬ ಕೊರಗಾಗಿ ಮರಳುವುದುಂಟು. ಪ್ರಾರ್ಥಿಸಿ ಮರೆತುಬಿಡು ಎನ್ನುವ ನಮ್ಮ ಉಪದೇಶ ಆ ಕೊರಗನ್ನು ಹೆಚ್ಚಿಸೀತು. ಜಿಲ್ಲಾ ಕೇಂದ್ರ ಶಿವಮೊಗ್ಗ ಇಲ್ಲಿಂದ ಸುಮಾರು 100 ಕಿ.ಮೀ.; ಬಸ್ಸು ಹತ್ತಿದರೆ ಏಕೆಂದು ಕೇಳುವವರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಆದರೆ ಎಷ್ಟೋ ಮನೆಗಳಲ್ಲಿ ಫೋನು ಗಂಡಸಿನ ಜೇಬಿನಲ್ಲಿರುತ್ತದೆ!

ಅಬ್ಷಾಲೋಮನು ತನ್ನ ಮಗಳಿಗೂ ತಾಮಾರ್ ಎಂದೇ ಹೆಸರಿಟ್ಟನೆಂದು 14ನೆಯ ಅಧ್ಯಾಯ ಹೇಳುತ್ತದೆ. ಅವನ ಮನೆಯಲ್ಲೇ ಒಂಟಿಯಾಗಿ ಉಳಿದ ತಂಗಿಯ ಬಳಿ ಅವನು ಎಂದಾದರೂ ಕುಳಿತು ಕೇಳಿದನೇ ಎಂಬುದನ್ನು ಗ್ರಂಥ ಹೇಳುವುದಿಲ್ಲ.