ಮಸಿಕುಡಿಕೆಗೆ ಬಿದ್ದ ನೊಣ

ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಬರೆದ ‘ದಿ ಫ್ಲೈ’ (ಎಂದರೆ ನೊಣ) 1922ರಲ್ಲಿ ಪ್ರಕಟವಾದ, ಕೆಲವೇ ಪುಟಗಳ ಇಂಗ್ಲಿಷ್ ಕಥೆ. ಇದರ ಕಥಾವಸ್ತುವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬಹುದು. ಲಂಡನ್ನಿನ ಒಂದು ವ್ಯಾಪಾರಿ ಕಚೇರಿ. ಪಾರ್ಶ್ವವಾಯು ಬಡಿದು ನಿವೃತ್ತನಾದ ವುಡಿಫೀಲ್ಡ್ ಎಂಬಾತನು ಹಳೆಯ ಸ್ನೇಹಿತನಾದ ಯಜಮಾನನನ್ನು ಕಾಣಲು ಅಲ್ಲಿಗೆ ಬರುತ್ತಾನೆ. ಇಬ್ಬರ ಗಂಡುಮಕ್ಕಳೂ ಮೊದಲನೆಯ ಮಹಾಯುದ್ಧದಲ್ಲಿ ಮಡಿದವರು. ಬೆಲ್ಜಿಯಂನಲ್ಲಿ ಅವರ ಸಮಾಧಿಗಳಿವೆ. ತನ್ನ ಹೆಣ್ಣುಮಕ್ಕಳು ಅವುಗಳನ್ನು ನೋಡಿಬಂದ ಸುದ್ದಿಯನ್ನು ತಿಳಿಸಿ ವುಡಿಫೀಲ್ಡ್ ಹೊರಡುತ್ತಾನೆ. ಏಕಾಂತದಲ್ಲಿ ಮಗನಿಗಾಗಿ ಅಳಬೇಕೆಂದು ಯಜಮಾನನು ಕುಳಿತರೆ ಅಳು ಬರುವುದಿಲ್ಲ. ಆಗ ಮಸಿಕುಡಿಕೆಗೆ ಬಿದ್ದು ಒದ್ದಾಡುತ್ತಿರುವ ನೊಣವೊಂದು ಅವನ ಕಣ್ಣಿಗೆ ಬೀಳುತ್ತದೆ.

ಪಾತ್ರಚಿತ್ರಣದಲ್ಲಿ ಲೇಖಕಿಯ ನೋಟ ಬಹಳ ಹರಿತವಾದುದು. ಸಮಾಧಿಯ ಪ್ರಸ್ತಾಪ ಮುಗಿಯುವ ಮೊದಲೇ ವುಡಿಫೀಲ್ಡನ ಮಾತು, ಹೋಟೆಲಿನವರು ಒಂದು ಕುಡಿಕೆ ಜಾಮಿಗೆ ಹತ್ತು ಫ್ರಾಂಕ್ ಕಿತ್ತುಕೊಂಡರೆಂಬ ದೂರಿಗೆ ಜಾರುತ್ತದೆ. (ಲೆಕ್ಕ ಬರೆದು ರೂಢಿಯಾದವರಿಗೆ ಇದು ಅಸಹಜವೆನಿಸದು.) ಯಜಮಾನನಿಗೆ ಕಥೆಯಲ್ಲಿ ಹೆಸರೇ ಇಲ್ಲ. ಹೊಸ ಜಮಖಾನೆ, ಹೊಸ ಪೀಠೋಪಕರಣಗಳನ್ನು ಅಭಿಮಾನದಿಂದ ತೋರಿಸುವ ಅವನು, ಮೇಜಿನ ಮೇಲಿನ ಮಗನ ಭಾವಚಿತ್ರವನ್ನು ಮಾತ್ರ ತೋರಿಸುವುದಿಲ್ಲ. ವ್ಯಾಪಾರವನ್ನು ಕಟ್ಟಿ ಬೆಳೆಸಿದ್ದೇ ಮಗನಿಗಾಗಿ. ಅವನ ದುಃಖದಲ್ಲಿ ಪುತ್ರವಾತ್ಸಲ್ಯವೆಷ್ಟು, ವಾರಸುದಾರನನ್ನು ಕಳೆದುಕೊಂಡ ನಷ್ಟವೆಷ್ಟು ಎಂಬುದು ಅವನಿಗೂ ತಿಳಿಯದು. ಉಳಿದವರು ಮರೆತರೂ ತಾನು ಮರೆಯಲಾರೆನೆಂದು ಸಾರಿದ್ದವನು ಅವನು. ಈಗ ಕಳೆದಿರುವುದು ಆರೇ ವರ್ಷ.

ಅವನು ನೊಣವನ್ನು ಮೊದಲು ಕಾಪಾಡುತ್ತಾನೆ ಎಂಬುದನ್ನು ಮರೆಯಬಾರದು. ಲೇಖನಿಯ ತುದಿಯಿಂದ ಎತ್ತಿ ಒತ್ತುಕಾಗದದ ಮೇಲೆ ಹಾಕುತ್ತಾನೆ. ಅದು ಕಾಲು, ರೆಕ್ಕೆಗಳನ್ನು ಒರೆಸಿಕೊಂಡು ಹಾರಲು ಅಣಿಯಾಗುವಾಗ ಒಂದು ತೊಟ್ಟು ಮಸಿ ಬಿಡುತ್ತಾನೆ. ಅದು ಚೇತರಿಸಿಕೊಂಡರೆ ಮೆಚ್ಚುತ್ತಾನೆ. ಮತ್ತೆ ಒಂದು ತೊಟ್ಟು. ಎರಡನೆಯ ತೊಟ್ಟಿನ ಬಳಿಕ, ಬೇಗ ಒಣಗಲೆಂದು ತಾನೇ ಉಸಿರೂದುತ್ತಾನೆ. ಮೂರನೆಯ ತೊಟ್ಟಿಗೆ ನೊಣ ಸಾಯುತ್ತದೆ. ಹಿಂಸೆಯ ಮೂಲವನ್ನು ದ್ವೇಷದಲ್ಲಿ ಮಾತ್ರ ಹುಡುಕುವವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಇಲ್ಲಿ ದ್ವೇಷದ ಲವಲೇಶವೂ ಇಲ್ಲ. ಇರುವುದು ಕುತೂಹಲ, ಮೆಚ್ಚುಗೆ, ಕನಿಕರವೂ ಸಹ. ಶಾಸ್ತ್ರಕಾರರು ಪ್ರಮಾದವೆಂದು ಕರೆದುದು ಇಂತಹ ಮನಸ್ಸಿನ ಎಚ್ಚರಗೇಡಿತನವನ್ನೇ.

ವಿಮರ್ಶಕರಲ್ಲಿ ಹಲವರು ನೊಣವನ್ನು ಸಂಕೇತವೆಂದು ಬಗೆದು, ಕೆಲವರು ಅದರಲ್ಲಿ ಮಡಿದ ಸೈನಿಕರನ್ನೂ ಕೆಲವರು ಯಜಮಾನನನ್ನೂ ಕಂಡಿದ್ದಾರೆ. ಲೇಖಕಿಯ ತಮ್ಮನು 1915ರಲ್ಲಿ ಬೆಲ್ಜಿಯಂನಲ್ಲಿ ಸೈನಿಕನಾಗಿದ್ದಾಗ ಮಡಿದನು. ಆಕೆಯೂ 1923ರ ಜನವರಿಯಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಆದ್ದರಿಂದ ಆ ಅರ್ಥಗಳಿಗೆ ಆಧಾರವಿಲ್ಲದಿಲ್ಲ. ಆದರೆ ನೊಣವು ಮೊದಲು ನೊಣವೇ. ಅದಕ್ಕೂ ಪ್ರಾಣವಿದೆ, ಬದುಕುವ ಆಸೆಯಿದೆ. ರೆಕ್ಕೆ ಒರೆಸಿಕೊಳ್ಳುವ ಅದರ ಶ್ರಮವನ್ನು ಲೇಖಕಿ ಅಷ್ಟು ತಾಳ್ಮೆಯಿಂದ ಬಣ್ಣಿಸಿರುವಾಗ, ಅದನ್ನು ಬರಿಯ ಸಂಕೇತವಾಗಿಸುವ ವಿದ್ವತ್ತು ಯಜಮಾನನ ಪ್ರಯೋಗಕ್ಕಿಂತ ಬಹಳ ದೂರವೇನಲ್ಲ.

ಯಜಮಾನನು ಸತ್ತ ನೊಣವನ್ನು ಚಾಕುವಿನಿಂದ ಎತ್ತಿ ಕಸದ ಬುಟ್ಟಿಗೆ ಎಸೆಯುತ್ತಾನೆ. ಹೇಳಲಾರದ ಸಂಕಟವೊಂದು ಅವನನ್ನು ಹಿಡಿದು ಹೆದರಿಸುತ್ತದೆ. ಗಂಟೆ ಬಾರಿಸಿ, ಆಳು ಮೇಸಿಗೆ ಹೊಸ ಒತ್ತುಕಾಗದ ತರಲು ಹೇಳುತ್ತಾನೆ. ಅದಕ್ಕೆ ಮುಂಚೆ ತಾನು ಏನನ್ನು ಯೋಚಿಸುತ್ತಿದ್ದೆನೆಂದು ಎಷ್ಟು ತಿಣುಕಿದರೂ ಅವನಿಗೆ ನೆನಪಾಗುವುದಿಲ್ಲ.